ಬಾರದು ಎಂಬ ಮಾತು ಎಲ್ಲಿ ಬರಬೇಕು?

ಯಂತ್ರವೊಂದು ಮನೆಗೆ ಬಂದಾಗ ಅದರ ಪೆಟ್ಟಿಗೆಯನ್ನು ಜೋಪಾನವಾಗಿ ಅಟ್ಟಕ್ಕೇರಿಸುತ್ತಾರೆ. ಜತೆಗೆ ಬಂದ ಪುಸ್ತಿಕೆಯನ್ನು ಮಕ್ಕಳ ಕೈಗೆ ಕೊಡುತ್ತಾರೆ. ಆ ಪುಸ್ತಿಕೆಯನ್ನು ಬರೆದು ಹೊಟ್ಟೆ ಹೊರೆಯುವವರೂ ಲೋಕದಲ್ಲಿ ಇದ್ದಾರೆಂಬುದು ವಾಚಕರಲ್ಲಿ ಅನೇಕರಿಗೆ ಹೊಳೆದಿರಲಾರದು. ನಾವು ಆ ಪಂಗಡಕ್ಕೆ ಸೇರಿದವರು. ನೀರೆತ್ತುವ ಪಂಪು, ಔಷಧಿ ಸಿಂಪಡಿಸುವ ಯಂತ್ರ, ಮಗ್ಗದ ಮೋಟಾರು ಇವುಗಳ ಬಳಕೆಯ ಕ್ರಮವನ್ನು ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ, ಯಾರಾದರೂ ಕೇಳಿದರೆ ಕನ್ನಡದಲ್ಲಿಯೂ ಬರೆಯುವುದು ನಮ್ಮ ಕಸುಬು. ಕೇಳುವವರು ವಿರಳ.

ಧರ್ಮಪುರಿ ಜಿಲ್ಲೆ 1965ರಲ್ಲಿ ಸೇಲಂನಿಂದ ಬೇರೆಯಾಯಿತು. 2004ರಲ್ಲಿ ಹೊಸೂರು ಕೃಷ್ಣಗಿರಿ ಜಿಲ್ಲೆಯ ಪಾಲಾಯಿತು. ಪುಸ್ತಿಕೆಯ ಹಿಂಬದಿಯ ವಿಳಾಸವನ್ನು ತಿದ್ದುವ ಕೆಲಸ ಮಾತ್ರ ನಮ್ಮಂಥವರ ಪಾಲಿಗೆ ಬಂತು. ಇಲ್ಲಿನ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಗದರುತ್ತಾಳೆ, ಮೊಮ್ಮಗ ತಮಿಳಿನಲ್ಲಿ ಪಾಠ ಒಪ್ಪಿಸುತ್ತಾನೆ, ಯಂತ್ರ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಈ ಮೂವರ ನಡುವೆ ದ್ವಿಭಾಷಿಯಾಗಿ ನಿಂತವರ ಪಾಡನ್ನು ಸ್ವಲ್ಪ ಹೇಳಬೇಕೆನಿಸಿದೆ.

ಮೊದಲನೆಯ ಕಷ್ಟ ಎಂಜಿನಿಯರುಗಳದು. ಯಂತ್ರ ರೂಪಿಸಿದವರನ್ನು ಹೋಗಿ ಕೇಳಿದರೆ, "ಇದು ಎಲ್ಲರಿಗೂ ಗೊತ್ತಿರುವುದೇ, ಬರೆಯುವುದೇನಿದೆ?" ಎನ್ನುತ್ತಾರೆ. ಗೊತ್ತಿಲ್ಲದವನು ಬೆರಳು ಕಳೆದುಕೊಂಡ ದಿನ, "ಪುಸ್ತಿಕೆಯಲ್ಲಿ ಏಕೆ ಬರೆಯಲಿಲ್ಲ?" ಎಂದು ಕೇಳುವವರೂ ಅವರೇ. ಪುಸ್ತಿಕೆ ಅಚ್ಚಾಗಿ ಬಂದ ಮರುವಾರ ತಿರುಪಿನ ಜಾಗ ಎಡದಿಂದ ಬಲಕ್ಕೆ ಹೋಗಿರುತ್ತದೆ. ಇದಕ್ಕೆ ನಾವು ಒಗ್ಗಿಹೋಗಿದ್ದೇವೆ.

ಒಗ್ಗದೆ ಉಳಿದದ್ದು ಬೇರೊಂದು. ಇಂಗ್ಲಿಷಿನಲ್ಲಿ ನಿಷೇಧ ವಾಕ್ಯದ ಮೊದಲಿಗೇ ಬಂದು ನಿಲ್ಲುತ್ತದೆ. ನಮ್ಮ ಕನ್ನಡದಲ್ಲಿಯೂ ನೆರೆಯ ತಮಿಳಿನಲ್ಲಿಯೂ ಅದು ಬಾಲದಲ್ಲಿ ಬರುತ್ತದೆ. "ಯಂತ್ರ ತಿರುಗುತ್ತಿರುವಾಗ ಮುಚ್ಚಳವನ್ನು ತೆರೆಯಬಾರದು" ಎಂಬ ವಾಕ್ಯದಲ್ಲಿ, ಓದುತ್ತ ಓದುತ್ತ ಕೈಯಾಡಿಸುವವನ ಕೈ ಆಗಲೇ ಮುಚ್ಚಳದ ಮೇಲಿರುತ್ತದೆ. ಒಮ್ಮೆ ಒಂದು ಅಚ್ಚುಕೂಟದಿಂದ ಬಂದ ಕರಡಿನಲ್ಲಿ "ತೆರೆಯ" ಎಂಬುದು ಪುಟದ ಕೊನೆಯಲ್ಲಿದ್ದು, "ಬಾರದು" ಎಂಬುದು ಮಗ್ಗುಲು ಬದಲಿಸಿ ಹಿಂದಿನ ಪುಟಕ್ಕೆ ಹೋಗಿತ್ತು! ತಿದ್ದಿಸಲು ಹೋದ ನಮಗೆ, ಒಂದು ಸಾಲಿಗಾಗಿ ಪುಟವನ್ನೆಲ್ಲ ಮತ್ತೆ ಜೋಡಿಸಬೇಕೇ ಎಂಬ ಉತ್ತರ ಸಿಕ್ಕಿತು. ಅಂದಿನಿಂದ ನಾವು "ಎಚ್ಚರಿಕೆ" ಎಂಬ ಒಂದೇ ಮಾತನ್ನು ಸಾಲಿನ ಮೇಲೆ ದಪ್ಪಕ್ಷರದಲ್ಲಿ ಪ್ರತ್ಯೇಕವಾಗಿ ಇಡಿಸುತ್ತೇವೆ; "ಮೊದಲು ಮೋಟಾರು ನಿಲ್ಲಿಸಿ; ಬಳಿಕ ಮುಚ್ಚಳ ತೆರೆಯಿರಿ" ಎಂದು, ಕೈ ನಡೆಯುವ ಕ್ರಮದಲ್ಲಿಯೇ ಬರೆಯುತ್ತೇವೆ. ವ್ಯಾಕರಣ ಬಲ್ಲವರು ಇದನ್ನು ಶೈಲಿಯೆನ್ನದಿರಬಹುದು. ಬೆರಳು ಉಳಿದವರು ದೂರಿಲ್ಲ.

ಪದಗಳ ಪೇಚು ಇನ್ನೊಂದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದಾಗ ಶಾಸ್ತ್ರಕ್ಕೆ ಕನ್ನಡದ ಬಾಯಿ ಕೊಡುವ ಹಂಬಲವಿತ್ತು. ಆ ಋಣ ದೊಡ್ಡದು. ಆದರೆ ಪಂಪಿನ ಬಳಿ ಕುಳಿತವನಿಗೆ ಬೇರಿಂಗು ಬೇರಿಂಗೇ. ಅದಕ್ಕೆ ಸಂಸ್ಕೃತದ ಉಡುಪು ತೊಡಿಸಿದರೆ ಅಂಗಡಿಯಲ್ಲಿ ಕೇಳಿ ಕೊಳ್ಳಲಾರ. ಇದಕ್ಕೆ ವಿರುದ್ಧವಾದ ಮಾತೂ ನಿಜ. ಸೇಲಂನ ದೇವಾಂಗರ ಕನ್ನಡ ಮನೆಗಳಿಗೆ ಲಾಳಿ, ಕಂಡಿಕೆ, ಹಣಿಗೆ, ಹಾಸು, ಹೊಕ್ಕು ಎಂಬ ಮಾತುಗಳನ್ನು ಯಾರೂ ಕಲಿಸಬೇಕಾಗಿಲ್ಲ. ವಿದ್ಯುತ್ ಮಗ್ಗದಲ್ಲಿ ಲಾಳಿ ದಾರಿ ತಪ್ಪಿ ಹೊರಕ್ಕೆ ಹಾರಿದರೆ ಕಣ್ಣೇ ಹೋದೀತು. ಅದನ್ನು ಇಂಗ್ಲಿಷಿನಲ್ಲಿ ಎಚ್ಚರಿಸುವ ಪುಸ್ತಿಕೆ, ಲಾಳಿಯನ್ನು ಹೆಸರಿಟ್ಟು ಕರೆಯಬಲ್ಲ ಮನೆಯ ಬಾಗಿಲಲ್ಲಿ ಮೂಕವಾಗಿ ನಿಲ್ಲುತ್ತದೆ.

ಕಾನೂನು ಇದನ್ನು ಚಿಂತಿಸದೆ ಬಿಟ್ಟಿಲ್ಲ. 1948ರ ಕಾರ್ಖಾನೆ ಕಾಯಿದೆಯು, ಸೂಚನಾ ಫಲಕಗಳು ಇಂಗ್ಲಿಷಿನಲ್ಲಿಯೂ ಬಹುಮಂದಿ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರತಕ್ಕದ್ದೆಂದು ವಿಧಿಸಿತು. ಬಹುಮಂದಿಯ ಹೊರಗೆ ಉಳಿದವನೂ ಅದೇ ಯಂತ್ರದ ಮುಂದೆಯೇ ನಿಲ್ಲುತ್ತಾನಲ್ಲ! 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷುಗಳ ಜತೆಗೆ ಆಯಾ ಸೀಮೆಯ ಒಂದೆರಡು ಭಾಷೆಗಳಲ್ಲಿ ವಿವರಣೆಯ ಚೀಟಿ ಇರಬೇಕೆಂದವು. ಆ ಚೀಟಿಯನ್ನು ಬಿಡಿಸಿ ನೋಡಿದವರು ಬಲ್ಲರು, ಅಕ್ಷರ ಎಳ್ಳಿಗಿಂತ ಸಣ್ಣದು. ಅಳತೆಯೋ ಹೆಕ್ಟೇರಿನ ಲೆಕ್ಕ. ನಮ್ಮ ರೈತ ಎಕರೆಯಲ್ಲಿ ಯೋಚಿಸುತ್ತಾನೆ. ಇಲ್ಲಿ ಎಕರೆಗೆ 100 ಸೆಂಟು, ಅತ್ತಿಬೆಲೆ ದಾಟಿದರೆ 40 ಗುಂಟೆ. ಒಂದು ಹೆಕ್ಟೇರು ಸುಮಾರು ಎರಡೂವರೆ ಎಕರೆ. 16 ಲೀಟರಿನ ಬೆನ್ನುಡಬ್ಬಿ ಹೊತ್ತವನು ಗದ್ದೆಯ ಬದುವಿನ ಮೇಲೆ ನಿಂತು ಈ ಭಾಗಾಕಾರ ಮಾಡುವನೇ? ಬಾಟಲಿಯ ಮುಚ್ಚಳದಲ್ಲಿ ಅಳೆದು ಸುರಿಯುತ್ತಾನೆ. ಆ ಮುಚ್ಚಳಕ್ಕೆ ಎಷ್ಟು ಮಿಲಿಲೀಟರು ಹಿಡಿಯುತ್ತದೆ ಎಂದು ಒಂದು ಕಂಪನಿಗೆ ನಾವು ಮೂರು ಸಲ ಬರೆದೆವು. ಉತ್ತರ ಬರಲಿಲ್ಲ. ಕೊನೆಗೆ ಮನೆಯಲ್ಲಿಯೇ ನೀರು ತುಂಬಿ ಅಳೆದು ನೋಡಿದೆವು. ನಮ್ಮ ಗೃಹಿಣಿಯವರು ಅಂದಿನಿಂದ ಆ ಅಳತೆಯ ಲೋಟವನ್ನು ಅಡಿಗೆಮನೆಗೆ ಸೇರಿಸಿಲ್ಲ.

ಡಬ್ಬಿಯ ಮೇಲಿನ ವಜ್ರಾಕಾರದ ಗುರುತನ್ನು ತಾಯಂದಿರು ಗಮನಿಸಬೇಕು. ಕೆಂಪು ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ತುಸು ಕಡಿಮೆ, ಆ ಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ಅದೂ ವಿಷವೇ, ಕಡಿಮೆ ವಿಷ. ಮಾರುವವರೂ ಬಳಸುವವರೂ ಇದನ್ನು "ಔಷಧಿ" ಎನ್ನುತ್ತಾರೆ. ಮಗುವಿಗೆ ಕೆಮ್ಮು ಬಂದಾಗ ಕೊಡುವುದಕ್ಕೂ ಅದೇ ಹೆಸರು. ನಾವು ಒಂದು ಕರಡಿನಲ್ಲಿ ಎಲ್ಲೆಡೆ "ವಿಷ" ಎಂದೇ ಬರೆದಿದ್ದೆವು. ಮಾರಾಟಕ್ಕೆ ಧಕ್ಕೆಯೆಂದು, ನಿಯಮ ಕಡ್ಡಾಯ ಮಾಡಿದ ಜಾಗವೊಂದನ್ನು ಬಿಟ್ಟು ಉಳಿದೆಡೆಯೆಲ್ಲ ಹೊಡೆದು ಹಾಕಿದರು. ಆ ಪುಸ್ತಿಕೆಯಲ್ಲಿ ನಮ್ಮ ಹೆಸರಿಲ್ಲ. ಯಾವ ಪುಸ್ತಿಕೆಯಲ್ಲಿಯೂ ಇರುವುದಿಲ್ಲ.

ಈಗ ಪಂಪಿನ ಪುಸ್ತಿಕೆಯೊಂದನ್ನು ಕನ್ನಡಕ್ಕೆ ತರುವ ಕೆಲಸ ಕೈಗೆ ಬಂದಿದೆ. ತಳಿ, ಡೆಂಕಣಿಕೋಟೆ, ಪಾಲಕೋಡುಗಳ ಕಡೆಯ ವಾಚಕರು, ನಿಮ್ಮ ಮನೆಗಳಲ್ಲಿ ಪಂಪಿನ ಭಾಗಗಳಿಗೆ ಹಿರಿಯರು ಯಾವ ಹೆಸರು ಹೇಳುತ್ತಾರೆಂಬುದನ್ನು, ತಮಿಳು ಬೆರೆತಿದ್ದರೂ ಚಿಂತೆಯಿಲ್ಲ, ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಬೇಗ ಬಂದರೆ ಒಳ್ಳೆಯದು. ಎಂಜಿನಿಯರರು ತಿರುಪಿನ ಜಾಗವನ್ನು ಮತ್ತೆ ಬದಲಿಸುವ ಮೊದಲು ಅಚ್ಚಿಗೆ ಕೊಡಬೇಕಾಗಿದೆ.