ಬಟ್ಟೆ ಗಟ್ಟಿಯಾಯ್ತು, ಗೂಟ ಎಲ್ಲಿ ನೆಡೋಣ?

ಹೊಸಕೆರೆಹಳ್ಳಿಯ ಒಂದು ಶೆಡ್ಡಿನಲ್ಲಿ ಕೂತು ಮೇಲೆ ನೋಡಿದೆವು. ಒಬ್ಬ ದೊಡ್ಡ ಮನುಷ್ಯರು ತಲೆಕೆಳಗಾಗಿ ಕೈಮುಗಿದುಕೊಂಡು ನಗುತ್ತಿದ್ದರು. ಯಾವುದೋ ಹುಟ್ಟುಹಬ್ಬದ ಫ್ಲೆಕ್ಸು. ಅವರ ಕಿವಿಯ ಹತ್ತಿರ ಒಂದು ತೂತು, ಅದರಿಂದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು. ಗೋಡೆ ಅಂದರೆ ನೀಲಿ ತಾಡಪಾಲು. ಬಾಗಿಲು ಅಂದರೆ ಹಳೆ ಸೀರೆ. ಇಪ್ಪತ್ತು ಹೆಜ್ಜೆ ಆಚೆ ಒಂದು ಅಪಾರ್ಟ್‌ಮೆಂಟು ಏಳುತ್ತಿದೆ. ಅದನ್ನು ಕಟ್ಟುತ್ತಿರುವವರು ಇವರೇ, ಯಾದಗಿರಿ ಕಡೆಯಿಂದ ಬಂದವರು.

"ಯಾರವ್ವಾ ಇದು ಫೋಟೋದಲ್ಲಿ?" ಅಂತ ಕೇಳಿದೆವು.

"ಯಾರರೆ ಇರ್ಲಿ ತಮ್ಮಾ, ಮಳಿ ತಡೀತಾನ, ಸಾಕು."

"ಗಾಳಿ?"

"ಗಾಳಿ ತಡಿಯಂಗಿಲ್ಲ. ಗಾಳಿ ಬಂದ್ರ ನಾವು ನಾಕ್ ಮಂದಿ ನಾಕ್ ಮೂಲಿ ಹಿಡಕೊಂಡು ಕುಂದರ್ತೀವಿ. ಸಣ್ಣಾಕಿಗೆ ಮೂಲಿ ನಿಲುಕಂಗಿಲ್ಲ, ಆಕಿ ಕಂಬ ಹಿಡಿತಾಳ."

ನಾವು ಬಿ.ಎ. ಓದಿದವರು. ಮಳೆಯ ಮೇಲೆ ಕವಿತೆ ಬರೆದವರು. ಗುಡಿಸಲು ಅನ್ನೋ ಮಾತನ್ನು ಎಷ್ಟು ಕವಿತೆಗಳಲ್ಲಿ ಇಟ್ಟಿದ್ದೇವೋ ಲೆಕ್ಕವಿಲ್ಲ. ಆದರೆ ಆ ಗುಡಿಸಲಿನ ನಾಲ್ಕು ಮೂಲೆಯನ್ನು ಗಾಳಿಯಲ್ಲಿ ಯಾರು ಹಿಡಿದಿರುತ್ತಾರೆ ಅಂತ ಒಂದು ದಿನ ಕೇಳಿರಲಿಲ್ಲ. ಮುಖ ಕೆಳಗೆ ಹಾಕಿಕೊಂಡು ಹಾಸ್ಟೆಲಿಗೆ ಬಂದೆವು.

ಅವತ್ತು ರಾತ್ರಿ ಊಟದ ಸಾಲಿನಲ್ಲಿ ಇಂಜಿನಿಯರಿಂಗ್ ಓದುವ ಗೆಳೆಯನೊಬ್ಬ ಹೇಳಿದ: "ಅಮೆರಿಕದಲ್ಲಿ ಬಿರುಗಾಳಿಗೆ ಅಂತಲೇ ಬಟ್ಟೆ ಇದೆ ಕಣ್ರೋ. ಮನೆ ಕಾಯೋ ಬಟ್ಟೆ." ನಾವು ನಕ್ಕೆವು. ಆಮೇಲೆ ಹುಡುಕಿ ಓದಿದಾಗ ನಗು ನಿಂತಿತು.

ವಿಷಯ ಹೀಗಿದೆ. 1992ರ ಆಗಸ್ಟ್ 24ರಂದು ಫ್ಲಾರಿಡಾ ರಾಜ್ಯದ ದಕ್ಷಿಣಕ್ಕೆ ಆಂಡ್ರ್ಯೂ ಅನ್ನುವ ಚಂಡಮಾರುತ ಬಡಿಯಿತು. ಸಾವಿರಾರು ಮನೆಗಳು ನೆಲಸಮವಾದವು. ಯಾಕೆ ಬಿದ್ದವು ಅಂತ ಹುಡುಕಿದವರಿಗೆ ಕಂಡದ್ದು ಒಂದು ಸರಳ ಸಂಗತಿ. ಗಾಳಿಯಲ್ಲಿ ಹಾರಿಬಂದ ಮರದ ತುಂಡೋ ಹೆಂಚೋ ಕಿಟಕಿ ಒಡೆಯುತ್ತದೆ. ಒಡೆದ ಕಿಟಕಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಒಳಗಿನ ಗಾಳಿ ಕೆಳಗಿನಿಂದ ತಳ್ಳುತ್ತದೆ, ಹೊರಗಿನ ಗಾಳಿ ಮೇಲಿನಿಂದ ಸೆಳೆಯುತ್ತದೆ. ಚಾವಣಿ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಹೋಗುತ್ತದೆ. ಆಮೇಲೆ ಅಲ್ಲಿಯ ಮಯಾಮಿ-ಡೇಡ್ ಜಿಲ್ಲೆಯವರು ಕಟ್ಟುನಿಟ್ಟಾದ ನಿಯಮ ಮಾಡಿದರು. ಕಿಟಕಿಗೆ ಏನೇ ಅಡ್ಡ ಹಾಕಿದರೂ ಅದು ಪರೀಕ್ಷೆ ಪಾಸಾಗಬೇಕು. ಸುಮಾರು 4 ಕಿಲೋ ತೂಕದ ಮರದ ದಿಮ್ಮಿಯನ್ನು ಗಾಳಿ ಫಿರಂಗಿಯಲ್ಲಿಟ್ಟು ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಹೊಡೆಯುತ್ತಾರೆ. ತಡೆದುಕೊಳ್ಳಬೇಕು.

ಅಂಥ ಪರೀಕ್ಷೆಗೆ ಕಬ್ಬಿಣದ ತಗಡೂ ಮರದ ಹಲಗೆಯೂ ಮಾತ್ರವಲ್ಲ, ಬಟ್ಟೆಯೂ ನಿಂತಿದೆ! ಪಾಲಿಪ್ರೊಪಿಲೀನ್ ನೂಲಿನಿಂದ ಬಿಗಿಯಾಗಿ ನೇಯ್ದು ಪ್ಲಾಸ್ಟಿಕ್ ಲೇಪ ಕೊಟ್ಟ ಬಟ್ಟೆ. ಗಾಜಿಗೆ ತಾಗದ ಹಾಗೆ ಸ್ವಲ್ಪ ದೂರದಲ್ಲಿ ಬಿಗಿದು ಕಟ್ಟುತ್ತಾರೆ. ಹಾರಿಬಂದ ದಿಮ್ಮಿ ಬಡಿದರೆ ಬಟ್ಟೆ ಒಳಕ್ಕೆ ಬಾಗಿ ಮತ್ತೆ ಆಚೆಗೆ ತಳ್ಳುತ್ತದೆ. ಬಿರುಗಾಳಿ ಹೋದ ಮೇಲೆ ಸುತ್ತಿ ಅಟ್ಟದ ಮೇಲಿಟ್ಟರಾಯಿತು.

ಈಗ ನಮ್ಮ ತಲೆಕೆಳಗಾದ ನಾಯಕರ ವಿಷಯಕ್ಕೆ ಬನ್ನಿ. ಅವರು ನಗುತ್ತಿರುವ ಫ್ಲೆಕ್ಸು ಏನು? ಪಾಲಿಯೆಸ್ಟರ್ ನೂಲಿನ ಬಟ್ಟೆ, ಮೇಲೆ ಪಿವಿಸಿ ಲೇಪ. ಅದೇ ಮನೆತನದ ಬಟ್ಟೆ ಸ್ವಾಮಿ! ಫ್ಲಾರಿಡಾದ್ದು ದಪ್ಪ, ಬಿಸಿಲು ತಡೆಯುವಂಥದ್ದು. ನಮ್ಮದು ತೆಳು, ಒಂದೆರಡು ಬೇಸಿಗೆಗೆ ಪುಡಿಪುಡಿ. ಸರ್ಕಾರ 2016ರಲ್ಲೇ ಫ್ಲೆಕ್ಸು ನಿಷೇಧಿಸಿತು. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ರಾಶಿ ರಾಶಿ ಕಿತ್ತು ಹಾಕಿದರು. ಬೀದಿಯಿಂದ ಇಳಿದ ಫ್ಲೆಕ್ಸು ನಮ್ಮ ಜನರ ತಲೆಯ ಮೇಲೆ ಏರಿತು. ದೊಡ್ಡವರು ಬಡವರಿಗೆ ನೆರಳಾಗುತ್ತೇವೆ ಅಂತ ಹೇಳಿದ್ದು ಸುಳ್ಳಲ್ಲ ನೋಡಿ.

ಹಾಗಾದರೆ ಇನ್ನೂ ಗಟ್ಟಿ ಬಟ್ಟೆ ಕೊಟ್ಟರೆ ಮುಗಿಯಿತಾ? ನಾವೂ ಮೊದಲು ಹಾಗೇ ಅಂದುಕೊಂಡೆವು. 1965ರಲ್ಲಿ ಸ್ಟೆಫನಿ ಕ್ವೊಲೆಕ್ ಅನ್ನುವ ಹೆಣ್ಣುಮಗಳು ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆವ್ಲಾರ್ ನೂಲಿಗೆ ದಾರಿ ಮಾಡಿದರು. ತೂಕಕ್ಕೆ ತೂಕ ಇಟ್ಟರೆ ಉಕ್ಕಿಗಿಂತ ಐದು ಪಟ್ಟು ಗಟ್ಟಿ, ಗುಂಡು ತಡೆಯುವ ಅಂಗಿಗೆ ಅದೇ. ಅದನ್ನೇ ಹೊದಿಸೋಣ ಅಂತ ನಮ್ಮ ಕವಿಮನಸ್ಸು ಹಾರಿತು. ಇಂಜಿನಿಯರ್ ಗೆಳೆಯ ಎಳೆದು ಕೂರಿಸಿದ. ಕೆವ್ಲಾರ್‌ಗೆ ಬಿಸಿಲು ಆಗದು, ಬಿಸಿಲಲ್ಲಿ ಬಿಟ್ಟರೆ ದಿನೇ ದಿನೇ ಸೊರಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಗಾಳಿ ಬಟ್ಟೆಯನ್ನು ಹರಿಯುವ ಮೊದಲು ಕಟ್ಟಿದ ಗಂಟನ್ನು ಕೀಳುತ್ತದೆ.

ಅವನು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದ. ನಮ್ಮಂಥವರಿಗೂ ಅರ್ಥವಾಯಿತು, ನಿಮಗೂ ಆಗುತ್ತದೆ. ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೋ ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ, ನ್ಯೂಟನ್ ಲೆಕ್ಕದಲ್ಲಿ. ಗಂಟೆಗೆ 54 ಕಿಲೋಮೀಟರಿನ ಗಾಳಿ ಅಂದರೆ ಸೆಕೆಂಡಿಗೆ 15 ಮೀಟರ್. ಭರಣಿ ಮಳೆಗೆ ಮುಂಚೆ ಬೆಂಗಳೂರಿನಲ್ಲಿ ಮರ ಉರುಳಿಸುತ್ತದಲ್ಲ, ಅಂಥದ್ದು. ಚದರ ಮೀಟರಿಗೆ 135 ನ್ಯೂಟನ್, ಅಂದರೆ ಸುಮಾರು 14 ಕಿಲೋ. ಹತ್ತಡಿಗೆ ಹತ್ತಡಿ ಶೆಡ್ಡಿನ ಚಾವಣಿ ಒಂಬತ್ತು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಒಳಗಿನ ಗಾಳಿ, ಹೊರಗಿನ ಗಾಳಿ ಸೇರಿ ಅಷ್ಟೂ ಬಲ ಮೇಲಕ್ಕೆ ಎಳೆದರೆ ಸುಮಾರು 130 ಕಿಲೋ! ಗಾಳಿ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, 500 ಕಿಲೋ ದಾಟುತ್ತದೆ. ಇತ್ತ ತಾಡಪಾಲಿನ ತೂಕ ಎಷ್ಟು? ಒಳ್ಳೆಯ ದಪ್ಪದ್ದಾದರೂ ಒಂದೆರಡು ಕಿಲೋ. ತಗಡಿನ ಚಾವಣಿಯಾದರೆ ಐವತ್ತು ಕಿಲೋ ಆಸುಪಾಸು. ಅದಕ್ಕೇ ನಮ್ಮ ಜನ ಮೇಲೆ ಕಲ್ಲು, ಟೈರು, ಒಡೆದ ಒರಳು ಹೇರುತ್ತಾರೆ. ಕೆಲವು ಸಲ ಗಾಳಿ ತಗಡನ್ನು ಒಯ್ದು ಕಲ್ಲನ್ನು ಮಲಗಿದ ಮಗುವಿನ ಮೇಲೆ ಬಿಟ್ಟು ಹೋಗುತ್ತದೆ.

130 ಕಿಲೋವನ್ನು ನಾಲ್ಕು ಮೂಲೆಗೆ ಹಂಚಿ. ಮೂಲೆಗೆ ಮೂವತ್ತೆರಡು ಮೂವತ್ತಮೂರು ಕಿಲೋ. ಸಿಮೆಂಟು ಮೂಟೆಯ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ. ಹಗಲೆಲ್ಲ ಸಿಮೆಂಟು ಹೊತ್ತ ಆ ತಾಯಿ ರಾತ್ರಿ ಮೂಲೆ ಹಿಡಿದು ಕೂತರೆ, ಅದೇ ಭಾರ ಈ ಸಲ ಮೇಲಿನಿಂದ ಎಳೆಯುತ್ತದೆ. ಫ್ಲಾರಿಡಾದ ಬಟ್ಟೆಗೆ ಬೋಲ್ಟು, ಹೊಸಕೆರೆಹಳ್ಳಿಯ ಬಟ್ಟೆಗೆ ಅವಳ ಕೈ.

ಈ ಲೆಕ್ಕವನ್ನು ಫಿರಂಗಿ ಪರೀಕ್ಷೆ ಇಲ್ಲದೆಯೇ ಕಂಡುಕೊಂಡವರಿದ್ದಾರೆ. ಪೂರ್ವ ಕರಾವಳಿಯ ಮೀನುಗಾರರ ಕೇರಿಗಳಲ್ಲಿ ಹುಲ್ಲು ಚಾವಣಿಯ ಮೇಲೆ ಹಳೆ ಮೀನುಬಲೆ ಹರಡಿ, ಸುತ್ತ ಕೆಳಕ್ಕೆ ಎಳೆದು ಕಟ್ಟುತ್ತಾರೆ. ಬಲೆಗೆ ಕಣ್ಣು ನೂರಾರು; ಎಲ್ಲಿ ಬೇಕಾದರೂ ಕಟ್ಟಬಹುದು. ಇಪ್ಪತ್ತು ಕಡೆ ಕಟ್ಟಿದರೆ ಆ 130 ಕಿಲೋ ಒಂದೊಂದು ಗಂಟಿಗೆ ಆರೂವರೆ ಕಿಲೋ ಆಗುತ್ತದೆ. ಹರಿದ ಬಲೆಗೂ ಆರೂವರೆ ಕಿಲೋ ಭಾರವಲ್ಲ. ಇದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಪೇಟೆಂಟೂ ಇಲ್ಲ. ನಮ್ಮ ಜನ ಕಂಡುಹಿಡಿದದ್ದಕ್ಕೆ ಯಾವಾಗ ಹೆಸರಿತ್ತು?

ನಿರಾಶ್ರಿತರ ಶಿಬಿರಗಳಿಗೆ ವಿಶ್ವಸಂಸ್ಥೆಯವರು ಕೊಡುವ ತಾಡಪಾಲೂ ಇದೇ ಬುದ್ಧಿಯದು: 4 ಮೀಟರ್ ಅಗಲ, 5 ಮೀಟರ್ ಉದ್ದ, ಚದರ ಮೀಟರಿಗೆ ಸುಮಾರು 200 ಗ್ರಾಂ, ನಡುನಡುವೆ ಗಟ್ಟಿ ಪಟ್ಟಿಗಳು, ಕಟ್ಟಲು ಸಾಲಾಗಿ ತೂತುಗಳು. ಅಂಗಡಿಯ ಅಗ್ಗದ ನೀಲಿ ತಾಡಪಾಲಿನಲ್ಲಿ ಅಂಚಿನ ಬಳೆ ಮೊದಲ ಗಾಳಿಗೇ ಕಿತ್ತು ಬರುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನಮಗೆ ಸಿಟ್ಟು ಬಂದದ್ದು ಬಟ್ಟೆಯ ಮೇಲಲ್ಲ, ಇಪ್ಪತ್ತು ಹೆಜ್ಜೆ ಆಚೆಯ ಕಟ್ಟಡದ ಮೇಲೆ. ಭಾರತೀಯ ಮಾನಕ 875, ಮೂರನೇ ಭಾಗ ಅಂತ ಒಂದು ಪುಸ್ತಕ ಇದೆ. ಕಟ್ಟಡಗಳ ಮೇಲೆ ಗಾಳಿಯ ಭಾರ ಎಷ್ಟು ಅಂತ ಹೇಳುವ ಪುಸ್ತಕ. ಅದರ ನಕಾಶೆಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ಅಪಾರ್ಟ್‌ಮೆಂಟಿನ ಪ್ರತಿ ಕಂಬವನ್ನೂ ಆ ಗಾಳಿಗೆ ಲೆಕ್ಕ ಹಾಕಿಯೇ ಎಬ್ಬಿಸಬೇಕು. ಅದೇ ಸೈಟು, ಅದೇ ಗಾಳಿ, ಅದೇ ಗುತ್ತಿಗೆದಾರ. ಶೆಡ್ಡಿಗೆ ಮಾತ್ರ ಯಾರ ಲೆಕ್ಕವೂ ಇಲ್ಲ! ಇನ್ನೂ ಹುಟ್ಟದ ಮನೆಗೆ, ಇನ್ನೂ ಬಾರದ ಮಾಲೀಕನಿಗೆ 119 ಕಿಲೋಮೀಟರಿನ ಗಾಳಿಯಿಂದ ರಕ್ಷಣೆ. ಈಗ ಇಲ್ಲಿ ಉಸಿರಾಡುತ್ತಿರುವ ಸಣ್ಣಾಕಿಗೆ ಒಂದು ಬಿದಿರಿನ ಕಂಬ.

ಕಾನೂನು ಇಲ್ಲವೇ? ಇದೆ. 2025ರವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯಿದೆಯ 34ನೇ ಕಲಮು ತೆಗೆದು ನೋಡಿ. ಮಾಲೀಕನಾದವನು ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಕೂಲಿಕಾರರಿಗೆ ಬಾಡಿಗೆ ಇಲ್ಲದೆ ತಾತ್ಕಾಲಿಕ ವಸತಿ ಕೊಡಬೇಕಿತ್ತು; ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯೋದಕ್ಕೆ, ಕಕ್ಕಸಿಗೆ ಬೇರೆ ಬೇರೆ ಜಾಗ ಇರಬೇಕಿತ್ತು. ಓದಿದರೆ ಚೆನ್ನಾಗೇ ಇದೆ. ಆ ವಸತಿ ಎಷ್ಟು ಗಾಳಿಗೆ ನಿಲ್ಲಬೇಕು ಅಂತ ಆ ಕಲಮು ಹೇಳಿರಲಿಲ್ಲ. ಕಾಂಕ್ರೀಟಿನ ಗೋಡೆಗೆ 33 ಮೀಟರ್ ಅಂತ ಬರೆಯಬಲ್ಲ ಕೈಗೆ ಶೆಡ್ಡಿಗೊಂದು ಅಂಕಿ ಬರೆಯೋದು ಕಷ್ಟವೇ? ಈ ಒಂದು ಅಂಕಿಗಾಗಿ ಅರ್ಜಿ ಬರೆಯಬೇಕು ಅಂತ ನಮ್ಮ ಅಭಿಪ್ರಾಯ. ಗಟ್ಟಿ ಬಟ್ಟೆ ಕೊಡಿ ಅಂತ ಕೈಚಾಚಿದರೆ ಮತ್ತೊಂದು ಹುಟ್ಟುಹಬ್ಬಕ್ಕೆ ತಾಡಪಾಲು ಹಂಚಿ ಫೋಟೋ ತೆಗೆಸಿಕೊಳ್ಳುತ್ತಾರೆ.

ನಮ್ಮೊಳಗೇ ಕೆಲವರು ಇದಕ್ಕೆ ಒಪ್ಪುವುದಿಲ್ಲ. "ಶೆಡ್ಡನ್ನು ಗಟ್ಟಿ ಮಾಡಿದರೆ ಅವರನ್ನು ಶೆಡ್ಡಿನಲ್ಲೇ ಇಡ್ತೀರಿ. ನಮಗೆ ಬೇಕಾದ್ದು ಗೋಡೆ, ಬಟ್ಟೆ ಅಲ್ಲ" ಅಂತಾರೆ. ಈ ಮಾತನ್ನು ತಳ್ಳಿಹಾಕಲು ಆಗದು. ಫ್ಲಾರಿಡಾದ ಬಟ್ಟೆ ಕೆಲಸ ಮಾಡುವುದು ಅದನ್ನು ಬಿಗಿಯಲು ಗೋಡೆ ಇರುವುದರಿಂದ. ಗೋಡೆ ಕಟ್ಟಲು ನೆಲ ಬೇಕು. ಕಾಲುವೆ ಪಕ್ಕ ಇಪ್ಪತ್ತು ವರ್ಷ ಬದುಕಿದವನೂ ಹಕ್ಕುಪತ್ರ ಇಲ್ಲದೆ ಆಳವಾಗಿ ಒಂದು ಗೂಟ ನೆಡಲು ಹೆದರುತ್ತಾನೆ. ಗೂಟ ಆಳಕ್ಕಿಳಿದರೆ ಒತ್ತುವರಿ ಅಂತ ಬರೆದುಕೊಂಡು ಹೋಗುತ್ತಾರೆ. 1973ರಲ್ಲೇ ಕೊಳಚೆ ಪ್ರದೇಶಗಳ ಕಾಯಿದೆ ಬಂತು. ಕಾಯಿದೆಯಲ್ಲಿ ಘೋಷಣೆ ಆದರೆ ಮಾತ್ರ ಕೊಳಚೆ ಪ್ರದೇಶ; ಇವತ್ತು ಇಲ್ಲಿ, ಇನ್ನೊಂದು ವರ್ಷ ಇನ್ನೊಂದು ಸೈಟಿನಲ್ಲಿ ಇರುವ ಶೆಡ್ಡಿನವರಿಗೆ ಆ ಹೆಸರೂ ಇಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೊಸಕೆರೆಹಳ್ಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಮೇಲಿನಿಂದಲ್ಲ. 2020ರ ಅಕ್ಟೋಬರ್ 23ರ ಸಂಜೆಯ ಮಳೆಗೆ ರಾಜಕಾಲುವೆ ಉಕ್ಕಿ ಹೊಸಕೆರೆಹಳ್ಳಿ, ದತ್ತಾತ್ರೇಯನಗರದ ಮನೆಗಳಿಗೆ ನುಗ್ಗಿತು. ವಾಹನಗಳು ತೇಲಿಹೋದವು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಂದು ನೋಡಿ ಮನೆಗೆ 25,000 ರೂಪಾಯಿ ಪರಿಹಾರ ಅಂದರು. ಆ ನೀರಿಗೆ ಯಾವ ಬಟ್ಟೆಯೂ ಅಡ್ಡವಲ್ಲ. ಅದಕ್ಕೆ ಕಾಲುವೆಯ ಗೋಡೆ ಬೇಕು, ಕೆರೆಗೆ ಕೆರೆಯ ಜಾಗ ಬೇಕು. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇವೆ.

ಆದರೂ ಗೆಳೆಯರೆ, ಗೋಡೆ ಬರುವ ತನಕ ಗಾಳಿ ಕಾಯುವುದಿಲ್ಲ. ಹಕ್ಕುಪತ್ರಕ್ಕೆ ಹೋರಾಡುತ್ತಲೇ ಈ ಭರಣಿಗೆ ಆ ತಾಯಿಯ ಕೈ ಬಿಡಿಸಬೇಕು. ಇದೇ ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ಇಂಗಾಲದ ನೂಲಿನ ಬಟ್ಟೆ ಪದರ ಪದರ ಅಂಟಿಸಿ ತೇಜಸ್ ವಿಮಾನದ ರೆಕ್ಕೆ ಮಾಡಿದರು; 2001ರ ಜನವರಿ 4ರಂದು ಅದು ಇಲ್ಲೇ ಹಾರಿತು. ಬಟ್ಟೆಯನ್ನು ಹಾರಿಸುವ ವಿದ್ಯೆ ಊರಿಗೆ ಗೊತ್ತಿದೆ. ಹಾರದಂತೆ ಹಿಡಿಯುವ ವಿದ್ಯೆಯನ್ನು ನಮ್ಮ ಹಾಸ್ಟೆಲಿನ ಸಿವಿಲ್ಲು, ಮೆಕ್ಯಾನಿಕಲ್ಲು ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟು ಮಾಡಲಿ. ಪ್ರತಿ ವರ್ಷ ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಅಂಗಡಿಯಿಂದ ಕೊಂಡು ತರುತ್ತೀರಲ್ಲ, ನಮಗೆ ಗೊತ್ತಿಲ್ಲವೇ?

ಕಷ್ಟದ್ದೇನಲ್ಲ. ತಾಡಪಾಲಿನ ಅಂಚನ್ನು ತೂತಿನಲ್ಲಿ ಕಟ್ಟುವ ಬದಲು ಬಿದಿರಿಗೆ ಎರಡು ಮೂರು ಸುತ್ತು ಸುತ್ತಿ, ಆ ಬಿದಿರನ್ನೇ ಬಿಗಿಯಬೇಕು. ಅಂಚು ಹರಿದಿದ್ದರೆ ಒಂದು ನುಣುಪು ಬೆಣಚುಕಲ್ಲನ್ನು ಬಟ್ಟೆಯ ಒಳಗಿಟ್ಟು ಹಿಂದಿನಿಂದ ಹಗ್ಗ ಬಿಗಿದರೆ ಹೊಸ ಗುಂಡಿ ಆಯಿತು, ತೂತೇ ಬೇಡ. ಸಡಿಲ ಬಿಡಬಾರದು, ಪಟಪಟ ಬಡಿದ ಬಟ್ಟೆ ಬೇಗ ಸಾಯುತ್ತದೆ. ಮೇಲೆ ಬಲೆ. ಬಲೆಯ ಹಗ್ಗವನ್ನು ಮೇಲೆ ಹೊಡೆದ ಗೂಟಕ್ಕಲ್ಲ, ಮೊಳಕಾಲುದ್ದ ಗುಂಡಿಯಲ್ಲಿ ಅಡ್ಡ ಹೂತ ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು. ಒಲೆಯ ಮೇಲೆ ಮಾತ್ರ ಪ್ಲಾಸ್ಟಿಕ್ ಬೇಡ, ಅಲ್ಲಿಗೆ ಒಂದು ತಗಡು.

ಯುಗಾದಿ ಕಳೆದ ಮೊದಲ ಭಾನುವಾರ ಹೊಸಕೆರೆಹಳ್ಳಿಗೆ ಹೋಗುತ್ತಿದ್ದೇವೆ. ಮೊದಲು ಆ ತಾಯಿಯ ಶೆಡ್ಡು, ಆಮೇಲೆ ಪಕ್ಕದವು. ಬರುವವರು ತಲೆಗೆ ಹತ್ತು ಮೀಟರ್ ನೈಲಾನ್ ಹಗ್ಗ ತನ್ನಿ, ಗುದ್ದಲಿ ಸಿಕ್ಕರೆ ತನ್ನಿ. ಕವಿತೆ ಬರೆದುಕೊಂಡು ಬರುವವರು ಅದನ್ನು ಗುಂಡಿ ತೋಡಿದ ಮೇಲೆ ಓದಬಹುದು.