ಒಣಗಿದ ಕುಂಡ ಎಸೆಯಬೇಡಿ ಸ್ವಾಮಿ!

ಡಿಸೆಂಬರ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿ ಪಕ್ಕ ಕುಂಡಗಳ ಸಾಲು ಶುರು. ಎಲೆ ಒಣಗಿತು, ಗಿಡ ಸತ್ತಿತು ಅಂತ ಜನ ಮಣ್ಣುಸಮೇತ ತಂದಿಟ್ಟುಬಿಡುತ್ತಾರೆ. ದಿಲ್ಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು, ಪ್ರತಿ ಚಳಿಗಾಲವೂ ಇದೇ ಕತೆ. ಗೆಡ್ಡೆ ಗಿಡಗಳ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟೇ: ಬಹಳಷ್ಟು ಸತ್ತಿರುವುದೇ ಇಲ್ಲ. ಸತ್ತವನ್ನೂ ಕೊಂದದ್ದು ಚಳಿಗಿಂತ ಹೆಚ್ಚಾಗಿ ನಾವು ಹಾಕಿದ ನೀರು.

ಈ ತಪ್ಪು ಮಾಡಿದವರಲ್ಲಿ ನಾನೇ ಮೊದಲಿಗ. ತುಮಕೂರಿನ ಮನೆ ಹಿತ್ತಿಲಿಂದ ಅಮ್ಮ ಹಳೇ ಪಂಚೆ ತುಂಡಿನಲ್ಲಿ ಹನ್ನೆರಡು ಸುಗಂಧರಾಜದ ಗೆಡ್ಡೆ ಕಟ್ಟಿಕೊಟ್ಟಿದ್ದಳು. ಊರಲ್ಲಿ ಅವು ಇಂಥ ಚಳಿ ಕಂಡವಲ್ಲ. ಇಲ್ಲಿ ಜನವರಿ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುವುದುಂಟು, ಮಂಜು ಕವಿದರೆ ಮಧ್ಯಾಹ್ನದವರೆಗೂ ಬಿಸಿಲಿಲ್ಲ. ಎಲೆ ಹಳದಿಯಾಗಿದ್ದು ನೋಡಿ ಪಾಪ ಅನ್ನಿಸಿ ದಿನಾ ಒಂದು ಚೊಂಬು ನೀರು ಹಾಕಿದೆ. ಫೆಬ್ರವರಿಯಲ್ಲಿ ಅಗೆದರೆ ಒಂಬತ್ತು ಕೊಳೆತು ಲೋಳೆ! ಉಳಿದದ್ದು ಮೂರು.

ಎಲೆ ಬಾಡಿದ ಮೇಲೆ ಗೆಡ್ಡೆ ನೀರು ಎಳೆಯುವುದು ನಿಂತೇ ಹೋಗುತ್ತದೆ. ತಣ್ಣನೆ ಮಣ್ಣು ಬೇಗ ಆರುವುದಿಲ್ಲ, ಒಳಗೆ ಗಾಳಿಯಾಡುವುದಿಲ್ಲ, ಕೊಳೆರೋಗ ಹತ್ತುತ್ತದೆ. ನಮ್ಮ ಬ್ಯಾಂಕಿನಲ್ಲಿ ಎರಡು ವರ್ಷ ಗಿರಾಕಿಯ ವ್ಯವಹಾರವೇ ಇಲ್ಲದ ಖಾತೆ ಡಾರ್ಮೆಂಟ್ ಆಗುತ್ತಲ್ಲ, ಹಾಗೆ. ದುಡ್ಡು ಎಲ್ಲೂ ಹೋಗಿರುವುದಿಲ್ಲ, ಗಿರಾಕಿ ಬರುವವರೆಗೆ ಸುಮ್ಮನಿರಬೇಕು ಅಷ್ಟೇ.

ಹಾಗಾಗಿ ಎಲೆ ಹಳದಿಯಾಗುತ್ತಲೇ ನೀರು ನಿಲ್ಲಿಸಿ. ಹಸಿರಿರುವವರೆಗೆ ಎಲೆ ಕತ್ತರಿಸಬೇಡಿ, ಗೆಡ್ಡೆಗೆ ಊಟ ಕೂಡಿಡುವುದು ಅದೇ. ಸುಗಂಧರಾಜದ ಕುಂಡವನ್ನು ಮಳೆ, ಇಬ್ಬನಿ ತಾಗದಂತೆ ಗೋಡೆ ಪಕ್ಕ ಸರಿಸಿದರೆ ಸಾಕು. ಕೆಲೇಡಿಯಂ ಮಾತ್ರ ಬಲು ನಾಜೂಕು. ನಮ್ಮ ಕೆಸುವಿನ ಬಳಗದ್ದೇ ಆದರೂ ಹದಿನೈದು ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಆಗದು. ಗೆಡ್ಡೆ ಕಿತ್ತು, ಮಣ್ಣು ಉದುರಿಸಿ, ನೆರಳಲ್ಲಿ ಆರಿಸಿ, ಪೇಪರಿನಲ್ಲಿ ಸುತ್ತಿ ಅಡುಗೆಮನೆ ಅಟ್ಟಕ್ಕೆ ಹಾಕಿ. ಮಾರ್ಚಿನಲ್ಲಿ ಬಿಸಿಲೇರಿದ ಮೇಲೆ ಮತ್ತೆ ನೆಡಿ.

"ಇಷ್ಟೆಲ್ಲ ಯಾಕ್ರೀ, ನರ್ಸರಿಯಲ್ಲಿ ಹೊಸದು ಸಿಗಲ್ವಾ?" ಅಂತ ನನ್ನಾಕೆಯೇ ಕೇಳಿದ್ದಾಳೆ. ಸಿಗುತ್ತೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರೇ ಪ್ರಜ್ವಲ್, ವೈಭವ್ ಅಂತ ಒಳ್ಳೊಳ್ಳೆ ಸುಗಂಧರಾಜದ ತಳಿ ಕೊಟ್ಟಿದ್ದಾರೆ. ಆದರೆ ಆ ಹಿತ್ತಿಲು ಮಾರಿ ಆಯಿತು, ಅಮ್ಮನೂ ಇಲ್ಲ. ಅವಳು ಕೊಟ್ಟದ್ದು ಯಾವ ನರ್ಸರಿಯಲ್ಲಿ ಸಿಗಬೇಕು ಹೇಳಿ? ಆ ಮೂರು ಗೆಡ್ಡೆ ಮರಿ ಹಾಕಿ ಈಗ ಐದು ಕುಂಡ ತುಂಬಿವೆ. ಎದುರು ಮನೆ ಪಂಜಾಬಿ ಆಂಟಿಗೂ ಒಂದು ಹೋಗಿದೆ.

ಈ ಸಲ ಕುಂಡ ಎಸೆಯುವ ಮುನ್ನ ಒಂದು ಕೆಲಸ ಮಾಡಿ. ಮಣ್ಣು ಕೆದಕಿ ಗೆಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಕೈ ಮುಗಿದುಬಿಡಿ. ಗಟ್ಟಿಯಿದ್ದರೆ ಮಾರ್ಚ್‌ವರೆಗೆ ಅದರ ಪಾಡಿಗೆ ಬಿಡಿ, ನೀರು ಮಾತ್ರ ಹಾಕಬೇಡಿ.