ಗ್ರಾಮ ಆರೋಗ್ಯ ಯೋಜನೆ: ವೋಚರಿಗಿಂತ ಮೊದಲು ಠರಾವು

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಯ ಆರೋಗ್ಯ ಯೋಜನೆಯನ್ನು ಹಳ್ಳಿಯವರೇ ಸಿದ್ಧಪಡಿಸಬೇಕೆಂದು ಬಯಸಿತು. ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ ಗರಿಷ್ಠ 10,000 ರೂಪಾಯಿಗಳ ಮುಕ್ತ ನಿಧಿಯನ್ನೂ ಗೊತ್ತುಪಡಿಸಿತು. ದಲಾಲಿ ಅಂಗಡಿಯ ವಹಿವಾಟಿನ ಮುಂದೆ ಇದು ಅಲ್ಪ ಮೊತ್ತವೇ ಸರಿ. ಆದರೂ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲೇ ಗಟಾರ ತೆರವುಗೊಳಿಸಲು, ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಲು ಅದು ಒದಗೀತು. ಮಾರ್ಚ್ ಕೊನೆಗೆ ಖರ್ಚು ಹಾಕಿದರೆ ಲೆಕ್ಕ ಸರಿಹೋದೀತು, ಜ್ವರ ನಿಲ್ಲದು.

ಹಣ ಎಲ್ಲಿಗೆ ಹೋಯಿತೆಂದು ವೋಚರು ತೋರಿಸುತ್ತದೆ. ಆ ಖರ್ಚು ಬೇಕಿತ್ತೇ ಎಂಬುದನ್ನು ಗ್ರಾಮಸಭೆಯಲ್ಲಿ ಕುಳಿತವರೇ ಹೇಳಬೇಕು. ಹಮಾಲರು ಜ್ವರದಿಂದ ಮಲಗಿದರೆ ಅವರ ಕೂಲಿಯೂ ಹೋಗುತ್ತದೆ, ವರ್ತಕರ ಲಾರಿಯೂ ನಿಲ್ಲುತ್ತದೆ. ಆದುದರಿಂದ ವರ್ತಕರೂ ತಮ್ಮೂರಿನ ಗ್ರಾಮಸಭೆಗೆ ಹೋಗಿ, ಹಿಂದಿನ ವರ್ಷದ ಜಮಾಖರ್ಚನ್ನು ಓದಿಸಿ, ಮುಂದಿನ ಖರ್ಚಿನ ಠರಾವನ್ನು ಏಪ್ರಿಲ್ ತಿಂಗಳಲ್ಲಿಯೇ ಬರೆಸುವುದು ಉಚಿತ.